ಅಂಗಳದ ಹಾಲುಗಂಬ

ಹಾರೆಯ ಸದ್ದು, ಸ್ಟೇಷನ್ನಿನ ಕಿಟಕಿಯಾಚೆ ಗುಂಡಿ ತೋಡುತ್ತಿದ್ದಾರೆ, ಪುಢಾರಿ ಲಕ್ಷ್ಮೀಪತಿಯ ಶೋಕಸಭೆಗೆ ಚಪ್ಪರದ ಕಂಬ ನೆಡಬೇಕಂತೆ, ಶೋಕವಂತೆ, ರಾಜಾಜಿನಗರದ ಅಂಗಡಿಗಳೆಲ್ಲ ಹೆದರಿ ಬಾಗಿಲು ಹಾಕಿವೆ, ಅದಕ್ಕೆ ಶೋಕವೆಂದು ಹೆಸರು — ಕೊರಳ ತುಂಬ ಹಾರ ಹಾಕಿಕೊಂಡು ನಿನ್ನೆ ವೇದಿಕೆಯ ಮೇಲೆ ಕುಸಿದ, ಡಾಕ್ಟ್ರು ಯಾರಾದ್ರೂ ಇದ್ರೆ ಬನ್ನಿ ಎಂದು ಮೈಕಿನಲ್ಲಿ ಕೂಗಿದರು, ನನ್ನ ಡಾಕ್ಟರ್ ಷಾಪು ಎದುರಿಗೇ, ಓಡಿದೆ, ಸೂಜಿ ಚುಚ್ಚಿದೆ, ಸತ್ತ, ಕೈ ಚುಚ್ಚಿದ್ದು ಬದುಕಿಸಲೆಂದೇ, ಮನಸ್ಸು ಏನೆನ್ನುತ್ತಿತ್ತೋ ಅದು ನನ್ನದು. ಅವರ ಮೇಲೆ ದ್ವೇಷ ಇತ್ತಾ ಡಾಕ್ಟ್ರೇ, ಇನ್ಸ್‌ಪೆಕ್ಟರ್ ಏಕಾಂತಯ್ಯ ಮತ್ತೆ ಕೇಳುತ್ತಾನೆ, ಚುನಾವಣೆಯಲ್ಲಿ ಅವರ ಪೋಸ್ಟರಿಗೆ ಉಗಿದ್ರಂತೆ, ನೋಡಿದೋರಿದಾರೆ. ಉಗಿದೆ, ಇನ್ನೂ ಬಾಯಿ ತುಂಬ ಇದೆ. ಯಾಕೆ ಎಂದು ಹೇಳಿದರೆ ಅಣ್ಣನ ಹೆಸರು ಬರುತ್ತದೆ, ಹೇಳದಿದ್ದರೆ ಕೊಲೆಗಾರ. ಚನ್ನಕೇಶವಣ್ಣ, ನಾನು ಓದಲೆಂದು ಶಾಲೆ ಬಿಟ್ಟವನು, ಸೈಕಲ್ಲಿನ ಹಿಂದೆ ಸೊಪ್ಪಿನ ಕುಕ್ಕೆ, ಮುಂದಿನ ಕಂಬಿಯ ಮೇಲೆ ನಾನು, ಹೇರೋಹಳ್ಳಿಯಿಂದ ಇಲ್ಲಿಯ ಹೈಸ್ಕೂಲಿಗೆ, ಗೇಟಿನಲ್ಲಿ ನನ್ನ ಕ್ಲಾಸಿನ ಸೇತುರಾಮ ಮೂಗು ಮುಚ್ಚಿಕೊಂಡು, ಮಗಾ, ಮೆಂತ್ಯಸೊಪ್ಪು ಬಂತು ಕಣೋ, ಅಣ್ಣ ನಗುತ್ತಿದ್ದ, ನಗ್ಲಿ ಬಿಡೋ, ನಾಳೆ ಅವನ ನಾಡಿ ನೀನೇ ಹಿಡೀತೀಯ. ಎಮರ್ಜೆನ್ಸಿಯ ಕಾಲ, ಅಣ್ಣನ ಮದುವೆಗೆ ಅಂಗಳದಲ್ಲಿ ಹಾಲುಗಂಬ ನೆಟ್ಟಾಗಿತ್ತು, ಹಸಿ ಅತ್ತಿಯ ಕೊಂಬೆ, ಕಡಿದ ಬಾಯಲ್ಲಿ ಬಿಳಿ ಹಾಲು, ಅರಿಸಿನ ಹಚ್ಚಿದ್ಮೇಲೆ ಗಂಡು ಊರ ಗಡಿ ದಾಟಬಾರದು ಕಣಪ್ಪ ಎಂದಳು ಅವ್ವ, ಗ್ಯಾಸ್‌ಲೈಟಿಗೆ ಹೇಳಿ ಬಂದ್ಬಿಡ್ತೀನಿ ಕಣವ್ವ, ಹೋದ. ಲಕ್ಷ್ಮೀಪತಿಗೆ ಸಂತಾನಹರಣದ ಕ್ಯಾಂಪಿಗೆ ತಲೆ ಬೇಕಿತ್ತು, ದಾರಿಯಲ್ಲೇ ವ್ಯಾನಿಗೆ ಎಳೆದರು, ಇನ್ನೂ ಮದ್ವೆ ಆಗಿಲ್ಲ ಸಾರ್, ನಾಡಿದ್ದು ಸಾರ್, ಅಣ್ಣ ಅರಿಸಿನದ ಕೈ ತೋರಿಸಿದ್ದಕ್ಕೆ ಲಕ್ಷ್ಮೀಪತಿ ನಕ್ಕನಂತೆ, ಒಳ್ಳೇದಾಯ್ತಲ್ಲ ಗುರು, ನಿನ್ ಹೆಂಡ್ತಿಗೆ ಬಸುರು-ಬಾಣಂತನದ ಕಾಟ ಇಲ್ಲ — ನಕ್ಕನಂತೆ. ಮಲ್ಲತ್ತಹಳ್ಳಿಯ ಹೆಣ್ಣಿನ ಕಡೆಯವರು ಜಾತಕದ ನೆಪ ಹೇಳಿ ಹಿಂದೆ ಸರಿದರು, ಊರಿಗೆ ತಿಳಿದದ್ದು ಅಷ್ಟೇ, ಅವ್ವನಿಗೋ ಇವತ್ತಿಗೂ ತಪ್ಪು ಅಣ್ಣನದೇ, ಗಡಿ ದಾಟಿದ, ಅದಕ್ಕೇ. ಗಡಿಯಂತೆ! ಆಪರೇಷನ್ನಿನ ಕತ್ತರಿಗೆ ಒಂದು ಶಾಪವಿಲ್ಲ, ವೋಟು ಕೇಳಲು ಬಂದ ಆ ಲಕ್ಷ್ಮೀಪತಿಗೆ ಅಪ್ಪ ಎಳನೀರು ಕೆತ್ತಿ ಕೊಟ್ಟ, ಅದೇ ಅಂಗಳದಲ್ಲಿ, ಆ ಕಂಬದ ಪಕ್ಕದಲ್ಲೇ. ಕಂಬ ಬೇರು ಬಿಟ್ಟಿತ್ತು, ಚಿಗುರಿತ್ತು, ಪಕ್ಕದ ಮನೆಯ ಬಸವ್ವ ಏನೂ ತಿಳಿಯದೆ, ಹಾಲುಗಂಬ ಚಿಗುರಿದ್ರೆ ಮನೆ ತುಂಬ ಮಕ್ಕಳು ಕಣ್ರವ್ವ, ನಾನು ಮಚ್ಚು ತಂದು ಹೊಡೆದೆ, ಅಣ್ಣ ಬಂದು ಕೈ ಹಿಡಿದ, ಬೇಡ ಕಣೋ, ಅದೇನ್ ಮಾಡ್ತು. ಮಧ್ಯಾಹ್ನ ಇಲ್ಲಿಗೂ ಬಂದಿದ್ದ, ಕ್ಯಾರಿಯರ್ ಕೊಟ್ಟ, ಅನ್ನ ತಣ್ಣಗಾಗಿತ್ತು, ಕಿವಿಯ ಹತ್ತಿರ ಬಾಗಿದ, ನನ್ ವಿಷ್ಯ ಹೇಳಿ ಉಳ್ಕೊಳ್ಳೋ ಎನ್ನುತ್ತಾನೆಂದುಕೊಂಡೆ, ಎನ್ನಲಿಲ್ಲ, ನನ್ ವಿಷ್ಯ ಎತ್ಬೇಡ ಕಣೋ ಎಂದ, ಇಷ್ಟೇ ಎಂದ, ಹೋದ. ಅವನ ಮೇಲೂ ಸಿಟ್ಟು, ಈ ಅನ್ನದ ಮೇಲೂ. ಹೇಳಿ ಡಾಕ್ಟ್ರೇ, ದ್ವೇಷ ಇತ್ತಾ, ಹೊರಗೆ ಹಾರೆ ನಿಂತಿದೆ, ಕಂಬ ಗುಂಡಿಗೆ ಇಳಿಯುತ್ತಿದೆ, ಒಣ ಕಂಬ, ಅದು ಚಿಗುರುವುದಿಲ್ಲ, ತಣ್ಣನೆಯ ಅನ್ನವನ್ನೇ ಬಾಯಿಗೆ ತುಂಬಿಕೊಳ್ಳುತ್ತೇನೆ — ಅಂಗಳದಲ್ಲಿ ಆ ಅತ್ತಿ, ಮಚ್ಚಿನ ಗಾಯ, ಗಾಯದ ಬಾಯಲ್ಲಿ ಹಾಲು, ಒರೆಸಿದಷ್ಟೂ ಹಾಲು —