ಹನ್ನೆರಡು ನಿಮಿಷ ಮುಂದೆ

ಅಮ್ಮ ಹೋದ ಹದಿನಾರನೆಯ ದಿನ ನಾನು ಕೆಲಸಕ್ಕೆ ಮರಳಿದೆ. "ಹೇಗಿದ್ದೀಯಾ?" ಎಂದು ಎಲ್ಲರೂ ಕೇಳಿದರು. "ಇದ್ದೀನಿ" ಎಂದೆ. ಸುಳ್ಳೇನಲ್ಲ. ಒಳಗೆ ಏನೂ ಇರಲಿಲ್ಲ, ಅಳುವೂ ಇರಲಿಲ್ಲ.

ನಮ್ಮದು ಆಸ್ಪತ್ರೆಗಳಿಗೆ ರಕ್ತಪರೀಕ್ಷೆ ಮಾಡಿಕೊಡುವ ಲ್ಯಾಬ್. ವರದಿಗಳಿರುವ ಸರ್ವರ್ ನನ್ನ ಸುಪರ್ದಿಯಲ್ಲಿದೆ. ಇನ್ನು ಮುಂದೆ ಅದರೊಳಗೆ ಹೋಗಲು ಪಾಸ್‌ವರ್ಡ್ ಒಂದೇ ಸಾಲದು, ಫೋನಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಕೋಡೂ ಬೇಕು ಎಂದು ಮೇಲಿನವರ ಅಪ್ಪಣೆಯಾಗಿತ್ತು. ಬೆಳಿಗ್ಗೆ ಅದನ್ನೇ ಹಿಡಿದು ಕೂತೆ. ಪರದೆಯಲ್ಲಿ ಮೂಡಿದ ಕ್ಯೂಆರ್ ಚೌಕವನ್ನು ಫೋನಿಗೆ ತೋರಿಸಿದೆ. ತುರ್ತಿಗೆಂದು ಕೊಟ್ಟ ಐದು ಕೋಡುಗಳನ್ನು ಬರೆದಿಟ್ಟುಕೊಳ್ಳಲಿಲ್ಲ. ಹೊಸ ದಾರಿಯಲ್ಲಿ ಒಮ್ಮೆ ಒಳಗೆ ಹೋಗಿ ನೋಡುವ ಮೊದಲೇ, ಮೊದಲೇ ಲಾಗಿನ್ ಆಗಿ ತೆರೆದಿದ್ದ ಹಳೆಯ ಕಿಟಕಿಯನ್ನೂ ಮುಚ್ಚಿಬಿಟ್ಟೆ. ಹಾಗೆ ಮಾಡಬೇಡಿ ಎಂದು ಹೊಸಬರಿಗೆ ವರ್ಷಗಟ್ಟಲೆ ಬಡಕೊಂಡವಳು ನಾನೇ.

ಕೋಡ್ ಹಾಕಿದೆ. ತಪ್ಪು ಎಂದಿತು. ಮುಂದಿನದು ಹಾಕಿದೆ. ಅದೂ ತಪ್ಪು. ಹನ್ನೊಂದಕ್ಕೆ ವರದಿ ಹೋಗದಿದ್ದರೆ ಎರಡು ಆಪರೇಷನ್‌ಗಳು ನಿಲ್ಲುತ್ತವೆ. ಸರ್ವರ್ ಇರುವ ಕಟ್ಟಡಕ್ಕೆ ಹೋಗಿ ಸರಿಪಡಿಸೋಣವೆಂದರೆ ಒಂದೂವರೆ ಗಂಟೆಯ ದಾರಿ. ಎದೆ ಡವಡವ ಎನ್ನಬೇಕಿತ್ತು. ಎನ್ನಲಿಲ್ಲ.

ಪಕ್ಕದ ಮೇಜಿನ ಹಿರಿಯ ತಂತ್ರಜ್ಞರನ್ನು ನಾವೆಲ್ಲ ಅಜ್ಜ ಎನ್ನುತ್ತೇವೆ. ಐವತ್ತೂ ದಾಟಿಲ್ಲ, ಗೊಣಗುವುದರಲ್ಲಿ ಮಾತ್ರ ಎಂಬತ್ತು. ಕುರ್ಚಿ ಎಳೆದುಕೊಂಡು ಬಂದರು.

"ಕೋಡ್ ಹುಟ್ಟೋದೇ ಗಡಿಯಾರದಿಂದ ಕಣಮ್ಮ. ಫೋನು, ಸರ್ವರು ಎರಡರಲ್ಲೂ ಒಂದೇ ಟೈಮ್ ಇರ್ಬೇಕು. ನಿಂದ್ರಲ್ಲಿ ಎಷ್ಟು?"

"ಹತ್ತೂ ಮುಕ್ಕಾಲು."

"ನಂದ್ರಲ್ಲಿ ಹತ್ತೂ ಮೂವತ್ಮೂರು! ಹನ್ನೆರಡು ನಿಮಿಷ ಮುಂದಿದೆಯಲ್ಲಮ್ಮ. ಯಾರಿಟ್ಟಿದ್ದು ಹೀಗೆ?"

"ಅಮ್ಮ ಇಡಿಸಿದ್ದು."

ಡಯಾಲಿಸಿಸ್‌ಗೆ ಹೊರಡಬೇಕಾದಾಗಲೆಲ್ಲ ಅಮ್ಮ ಕನ್ನಡಕ ಹುಡುಕುವಳು, ಸಿಕ್ಕ ಮೇಲೆ ಕೈಚೀಲ, ಅದು ಸಿಕ್ಕ ಮೇಲೆ ಮತ್ತೆ ಕನ್ನಡಕ. "ನಿನ್ನ ಫೋನಲ್ಲಿ ಟೈಮ್ ಹನ್ನೆರಡು ನಿಮಿಷ ಮುಂದಿಟ್ಕೋ, ಬೇಗ ಬಯ್ಯೋಕೆ ಶುರು ಮಾಡ್ತೀಯ" ಎಂದು ಅವಳೇ ಹೇಳಿದ್ದಳು. ಎರಡು ವರ್ಷದಿಂದ ಹನ್ನೆರಡನ್ನು ಮನಸ್ಸಿನಲ್ಲೇ ಕಳೆದು ಗಂಟೆ ನೋಡುವುದು ನನಗೆ ರೂಢಿಯಾಗಿತ್ತು.

"ಒಂದ್ ಬಟನ್ ಒತ್ತು, ತಾನೇ ಸರಿಹೋಗುತ್ತೆ" ಎಂದರು ಅಜ್ಜ.

ಹೆಬ್ಬೆರಳು ಕೆಳಗಿಳಿಯಲಿಲ್ಲ. "ಸರ್ವರನ್ನೇ ಹನ್ನೆರಡು ನಿಮಿಷ ಮುಂದಿಡೋಕಾಗಲ್ವಾ?" ಎಂದು ಕೇಳಿದೆ.

ನಗಲು ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು. "ಒಳಗೆ ಹೋಗೋಕೇ ಆಗ್ತಿಲ್ವಲ್ಲಮ್ಮ."

ಬಟನ್ ಒತ್ತಿದೆ. ಹತ್ತೂ ಮೂವತ್ತಾರಾಯಿತು. ಹೊಸ ಕೋಡ್ ಹಾಕಿದೊಡನೆ ಸರ್ವರ್ ತೆರೆದುಕೊಂಡಿತು.

ಆಗ ನೆನಪಾಯಿತು. ಅಮ್ಮ ಮನೆಯಲ್ಲೇ ಹೋದಳು, ನಾನೊಬ್ಬಳೇ ಪಕ್ಕದಲ್ಲಿದ್ದೆ. ಆಮೇಲೆ ಬಂದ ಡಾಕ್ಟರು "ಉಸಿರು ನಿಂತಿದ್ದು ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಫೋನಿನಲ್ಲಿ ಆಗ ಕಂಡಿದ್ದನ್ನೇ ಹೇಳಿದೆ, ನಾಲ್ಕು ಇಪ್ಪತ್ತೆರಡು. ಅವತ್ತು ಆ ಹನ್ನೆರಡು ನಿಮಿಷ ಕಳೆಯುವುದನ್ನು ಮರೆತಿದ್ದೆ.

ಅಜ್ಜನಿಗೆ ಅದನ್ನೂ ಹೇಳಿದೆ. ಅವರು "ಮರಣಪತ್ರ ತಿದ್ದಿಸ್ಬಹುದು. ಒಂದ್ ಅರ್ಜಿ ಕೊಟ್ರೆ ಸಾಕು" ಎಂದರು.

"ಬೇಡ ಅಜ್ಜ. ಕಾಗದದಲ್ಲಾದ್ರೂ ಹನ್ನೆರಡು ನಿಮಿಷ ಜಾಸ್ತಿ ಬದುಕಿರ್ಲಿ."

ಅಷ್ಟು ಹೇಳಿ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅಜ್ಜ ಕೀಬೋರ್ಡನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು ವರದಿಗಳನ್ನು ಒಂದೊಂದಾಗಿ ಕಳಿಸತೊಡಗಿದರು.