ಅಂಚಿಗೆ ಸಿಕ್ಕ ಹತ್ತಿ

ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅವಳು ಇನ್ನೊಂದು ತುಂಡು ಹತ್ತಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಗಂಡನ ಹೆಬ್ಬೆರಳನ್ನು ಮತ್ತೆ ಒರೆಸಿದಳು. ಪಾಲಿಶ್ ಮೇಣದ ಕಪ್ಪು. ಬದುಕಿದ್ದಾಗಲೇ ಬಿಡದ್ದು ಈಗ ಬಿಟ್ಟೀತೇ.

"ಬಿಡಿ ಅತ್ತಿಗೆ," ಎಂದ ಮೈದುನ. "ಅದು ಅವನ ದುಡಿಮೆ ಗುರುತು. ಇರ್ಲಿ."

ನಡುಮನೆಯಲ್ಲಿ ಕೂತಿದ್ದವರು ತಲೆಯಾಡಿಸಿದರು. ಎದುರಿನ ವರ್ಕ್‌ಶಾಪಿನಲ್ಲಿ ಅವನ ಜೊತೆ ದುಡಿದವರೇ ಹೆಚ್ಚು. ಅವರಲ್ಲಿ ಕುಳ್ಳಗೆ ದುಂಡಗಿದ್ದವನನ್ನು ಎಲ್ಲರೂ ನಟ್ಟು ಎಂದೇ ಕರೆಯುತ್ತಿದ್ದರು. ಅತ್ತೂ ಅತ್ತೂ ಅವನ ಮೂಗು ಕೆಂಪಾಗಿತ್ತು.

"ಕಣ್ಣು ಮುಚ್ಕೊಂಡು ಹೆಬ್ಬೆಟ್ಟು ಸವರ್ತಿದ್ದ ಅಣ್ಣ," ಎಂದ ನಟ್ಟು. "ಕೂದಲೆಳೆಯಷ್ಟು ಚೂಪು ಉಳಿದಿದ್ರೂ ಸಿಕ್ಕಿಬೀಳ್ತಿತ್ತು. ಅವನು ಪಾಲಿಶ್ ಮಾಡಿದ್ದು ಒಂದು ಪೀಸೂ ವಾಪಸ್ ಬಂದಿದ್ದಿಲ್ಲ."

"ನಿನ್ನನ್ನೂ ಒಂದ್ಸಲ ಪಾಲಿಶ್ ಯಂತ್ರಕ್ಕೆ ಹಿಡಿದಿದ್ರೆ ಚೆನ್ನಾಗಿರ್ತಿತ್ತು," ಎಂದರು ಬಾಗಿಲ ಬಳಿ ನಿಂತಿದ್ದ ಮಾಲೀಕರು. ಯಾರೋ ಕಿಸಕ್ಕೆಂದು, ಹೆಣದ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಮಾಲೀಕರು ಅವಳತ್ತ ತಿರುಗಿದರು. "ಅವನ ಕೊನೇ ಲಾಟು ಇವತ್ತೇ ಹೋಗ್ಲಿ ಅಂತ ಹೇಳಿದೀನಮ್ಮ. ಲಾರಿ ತುಂಬಿದೆ. ಅವನು ಹೊರಡೋದ್ರೊಳಗೆ ಅದೂ ಹೊರಡುತ್ತೆ."

ಒರೆಸುತ್ತಿದ್ದ ಕೈ ನಿಂತಿತು. "ಯಾವ ಲಾಟು?"

"ವೀಲ್‌ಚೇರಿಂದು ಅಕ್ಕ," ಎಂದ ನಟ್ಟು. "ಭಾನುವಾರ ಒಬ್ಬನೇ ಬಂದು ಬಳೆಗಳಿಗೆ ಪಾಲಿಶ್ ಮುಗಿಸಿದ್ನಲ್ಲ. ಆಮೇಲೆ ನೀವು ಅವನ ಜೊತೆ ಆಸ್ಪತ್ರೇಲಿದ್ರಿ ಅಂತ ನಾನೇ ಚಕ್ರಕ್ಕೆ ಕೂರಿಸ್ದೆ. ಮೂರು ಬಳೆ ಕಮ್ಮಿ ಬಿದ್ವು, ಹಳೇ ಸ್ಟಾಕಿಂದ ಹಾಕ್ದೆ. ಅಣ್ಣ ಲೆಕ್ಕ ತಪ್ಪಿದ್ದು ಅದೊಂದೇ ಸಲ."

ಚಕ್ರದ ಪಕ್ಕದ ಉಕ್ಕಿನ ಬಳೆ. ನಡೆಯಲಾರದವರು ಅದನ್ನೇ ಅಂಗೈಯಲ್ಲಿ ಹಿಡಿದು ತಳ್ಳಿಕೊಂಡು ದಿನ ದೂಡಬೇಕು.

*

ಬಳೆಗಳನ್ನು ಚಕ್ರಕ್ಕೆ ಕೂರಿಸುವ ಕೆಲಸ ಅವಳದು, ಅವನ ಪಕ್ಕದ ಬೆಂಚಿನಲ್ಲೇ. ಹೋದ ವರ್ಷ ಒಂದು ಮಧ್ಯಾಹ್ನ ಅವನು ಬಳೆಯ ಬೆಸುಗೆಯ ಮೇಲೆ ಹೆಬ್ಬೆಟ್ಟು ಸವರಿ, "ನುಣ್ಣಗಿದೆ," ಎಂದು ಅವಳ ಕೈಗೆ ಕೊಟ್ಟಿದ್ದ. ಬಳೆಯ ಮೇಲೆ ರಕ್ತವಿತ್ತು. ಹೆಬ್ಬೆಟ್ಟು ಸೀಳಿದ್ದರೂ ಅವನು ಆಗಲೇ ಮುಂದಿನ ಬಳೆಯನ್ನು ಎತ್ತಿಕೊಂಡಿದ್ದ. ಗಡಗಡ ಅದುರುವ ಯಂತ್ರಕ್ಕೆ ಒಡ್ಡಿ ಒಡ್ಡಿ ಬೆರಳುಗಳು ಮರಗಟ್ಟಿ ಹೋಗಿದ್ದವು.

ಅವಳು ಸದ್ದಿಲ್ಲದೆ ರಕ್ತ ಒರೆಸಿದಳು. ಮರುದಿನ ತನ್ನ ಡ್ರಾಯರಿನಲ್ಲಿ ಒಂದು ಸುರುಳಿ ಹತ್ತಿ ತಂದಿಟ್ಟುಕೊಂಡಳು. ಅವನು ನೀರು ಕುಡಿಯಲು ಎದ್ದಾಗ ಬಳೆಯ ಮೇಲೆ ಹತ್ತಿ ಎಳೆಯುವಳು. ಚೂಪಿದ್ದ ಕಡೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿ ಅರ ತಿಕ್ಕಿ, ಅವನು ಬರುವಷ್ಟರಲ್ಲಿ ಚಕ್ರಕ್ಕೆ ಕೂರಿಸಿಬಿಡುವಳು.

"ಏನೇ, ಇತ್ತೀಚೆಗೆ ಆಮೆ ಆಗಿದೀಯಲ್ಲ?"

"ವಯಸ್ಸಾಯ್ತು."

ಅವನು ಅವಳ ಡ್ರಾಯರಿನತ್ತ ಒಮ್ಮೆ ನೋಡಿ ಯಂತ್ರ ಹಾಕಿದ್ದ.

ಕಳೆದ ಭಾನುವಾರ ಅವಳು ಜೊತೆಗೆ ಹೋಗಿರಲಿಲ್ಲ. ಮರುದಿನ ಬೆಳಗ್ಗೆ ಅವನು ಹಾಸಿಗೆಯಿಂದ ಏಳಲಿಲ್ಲ. ಆಮೇಲೆ ಮಾತೂ ಬರಲಿಲ್ಲ.

*

"ಲಾರಿ ನಿಲ್ಸಿ," ಎಂದಳು.

"ಅತ್ತಿಗೆ, ಕೂತ್ಕೊಳ್ಳಿ. ಜನ ನೋಡ್ತಿದಾರೆ."

"ಅವ್ರ ಬೆರಳಿಗೆ ಒಂದು ವರ್ಷದಿಂದ ಏನೂ ಗೊತ್ತಾಗ್ತಿರ್ಲಿಲ್ಲ. ಎಲ್ಲಾ ನಾನು ನೋಡಿ ಕಳಿಸ್ತಿದ್ದೆ. ಇದನ್ನ ನೋಡಿಲ್ಲ."

ಮಾಲೀಕರು ಹೆಣದ ಕೈಯನ್ನು ನೋಡಿದರು, ಹೊಸದಾಗಿ ನೋಡುವವರಂತೆ.

"ಅವನಿನ್ನೂ ಮನೇಲಿದಾನೆ," ಎಂದ ಮೈದುನ, ಹಲ್ಲು ಕಚ್ಚಿ. "ಹೊಸಿಲು ದಾಟೋ ತನಕನಾದ್ರೂ ಅವನ ಮಾನ ಕಾಯ್ಬಾರ್ದಿತ್ತಾ?"

ಅವಳು ಹತ್ತಿಯ ಸುರುಳಿ ಹಿಡಿದು ರಸ್ತೆ ದಾಟಿದಳು. ಚಾಲಕ ಇಂಜಿನ್ ಆರಿಸಿದ. ಅವಳು ಲಾರಿ ಹತ್ತಿ ಮೊದಲ ಬಳೆಯ ಮೇಲೆ ಹತ್ತಿ ಎಳೆದಳು. ಅದು ಎಲ್ಲೂ ನಿಲ್ಲದೆ ಸುತ್ತು ಬಂತು. ಎರಡನೆಯದರ ಮೇಲೂ ಹಾಗೆಯೇ. ಬೆಸುಗೆಯನ್ನು ಹುಡುಕಿ ಹುಡುಕಿ ಒತ್ತಿ ಎಳೆದಳು. ಸಾವಿಗೆ ಬಂದವರೆಲ್ಲ ರಸ್ತೆಯಲ್ಲಿ ನಿಂತು ನೋಡುತ್ತಿದ್ದರು. ಕೊನೆಯ ಬಳೆಯೂ ಒಂದು ಎಳೆಯನ್ನು ಹಿಡಿಯಲಿಲ್ಲ.

"ಸಮಾಧಾನ ಆಯ್ತಾ?" ಎಂದ ಮೈದುನ.

ಆ ಬೆರಳುಗಳಿಂದ ಇದು ಹೇಗಾಯಿತೆಂದು ಅವಳಿಗೆ ತಿಳಿಯಲಿಲ್ಲ. ಕೆಳಗಿಳಿದಳು, ಯಾರ ಮುಖವನ್ನೂ ನೋಡಲಾಗದೆ ವರ್ಕ್‌ಶಾಪಿನೊಳಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ಕೈ ತಾನಾಗಿ ಡ್ರಾಯರ್ ಎಳೆಯಿತು.

ಶನಿವಾರ ಅಲ್ಲಿ ತುಂಬು ಸುರುಳಿ ಇಟ್ಟಿದ್ದಳು. ಈಗ ಒಂದು ಹಿಡಿ ಉಳಿದಿತ್ತು. ಅದರ ಮೇಲೆ ಕಪ್ಪು ಹೆಬ್ಬೆಟ್ಟಿನ ಗುರುತು.

ಬೆಂಚಿನ ಕೆಳಗೆ ಅವಳ ಏಪ್ರನ್ ಏನನ್ನೋ ಮುಚ್ಚಿತ್ತು. ಸರಿಸಿದಳು. ಮೂರು ಬಳೆಗಳು, ಒಂದರ ಮೇಲೊಂದು. ಮೂರರ ಬೆಸುಗೆಯಲ್ಲೂ ಸಿಕ್ಕಿಬಿದ್ದ ಹತ್ತಿಯ ಕುಚ್ಚು. ಕಿತ್ತು ಹಾಕದೆ, ಅವಳ ಕಣ್ಣಿಗೆ ಬೀಳಲೆಂದೇ ಬಿಟ್ಟಂತಿತ್ತು.

"ಅವನನ್ನ ಒಯ್ಯೋ ವಾಹನ ಬಂತು, ಏಳಿ," ಎನ್ನುತ್ತ ಒಳಬಂದ ಮೈದುನ ಅವಳು ಎತ್ತಿ ಹಿಡಿದಿದ್ದ ಬಳೆಯನ್ನು ಕಿತ್ತುಕೊಳ್ಳಲು ಹೋದ. ತಟ್ಟನೆ ಕೈ ಹಿಂದೆಗೆದ. ಬೆರಳಿನ ಮೇಲೆ ಸಣ್ಣಗೆ ಕೆಂಪು ಗೆರೆ ಮೂಡಿತು. ಅವನು ಅದನ್ನೂ ಹತ್ತಿಯ ಕುಚ್ಚನ್ನೂ ನೋಡಿದ. ಆಮೇಲೆ ಅವಳನ್ನು.

ಅವಳು ಅರ ಎತ್ತಿಕೊಂಡಳು.

ಹೊರಗೆ ಹಾರ್ನ್ ಆಯಿತು. ಮೈದುನ ಮಂಡಿಯೂರಿ ಕೂತು, ಬಳೆ ಅಲುಗದಂತೆ ಎರಡೂ ಕೈಯಿಂದ ಹಿಡಿದ.