ಸವೆದ ಮುಚ್ಚಳ

ಚಪ್ಪಾಳೆ ಎಂದರೆ ನನಗೆ ಈಗಲೂ ಹೇಸಿಗೆ. ಅದರಲ್ಲೂ ನನಗಾಗಿ ಹೊಡೆದ ಚಪ್ಪಾಳೆ.

ಕಣ್ಣಿಗೆ ಬಿಡುವ ಹನಿಮದ್ದು ತಯಾರಿಸುವ ಕಾರ್ಖಾನೆ ನಮ್ಮದು. ನಾನಿದ್ದದ್ದು ತಪಾಸಣೆಯ ಹಾಲ್‌ನಲ್ಲಿ, ಏಳನೇ ಸೀಟು. ಹೆಬ್ಬೆರಳಿನಷ್ಟು ಗಾಜಿನ ಬಾಟಲಿಯನ್ನು ದೀಪದ ಕೆಳಗೆ ಹಿಡಿದು ತಿರುಗಿಸಬೇಕು. ಕರಿ ಹಲಗೆಯ ಮುಂದೆ ಐದು ಸೆಕೆಂಡು, ಬಿಳಿ ಹಲಗೆಯ ಮುಂದೆ ಐದು ಸೆಕೆಂಡು. ಒಳಗೆ ನೂಲೆಳೆಯೋ ಕಣವೋ ತೇಲಿದರೆ ಕೆಂಪು ಟ್ರೇಗೆ, ಇಲ್ಲದಿದ್ದರೆ ಮುಂದಕ್ಕೆ. ನಾಲ್ಕು ಗಂಟೆ ಒಂದೇ ಸಮನೆ, ಊಟ, ಮತ್ತೆ ನಾಲ್ಕು ಗಂಟೆ. ಮೂರನೇ ಗಂಟೆಗೆ ಕಣ್ಣಲ್ಲಿ ಮರಳು ಸುರಿದ ಹಾಗಾಗುತ್ತದೆ. ಕೈಗವಸು ಹಾಕಿದ ಬೆರಳಿನಿಂದ ಕಣ್ಣು ಮುಟ್ಟುವಂತಿಲ್ಲ, ಹಾಗಾಗಿ ಎಲ್ಲರೂ ಭುಜಕ್ಕೆ ಉಜ್ಜಿಕೊಳ್ಳುತ್ತಾರೆ. ಸಂಜೆ ಹೊರಬೀಳುವಾಗ ಮೂವತ್ತು ಹೆಂಗಸರ ಮೂವತ್ತು ಭುಜಗಳ ಮೇಲೂ ಕಣ್ಣಿನ ಗೀಜು ಒಣಗಿರುತ್ತಿತ್ತು. ಲೋಕದ ಕಣ್ಣಿಗೆ ಮದ್ದು ಕಳಿಸುವವರ ಅವಸ್ಥೆ ಇದು.

ಪಕ್ಕದ ಸೀಟು ನನ್ನ ನಾದಿನಿಯದು. ಇಪ್ಪತ್ತಾರು ವರ್ಷದ ಹುಡುಗಿ, ಕೆಲಸಕ್ಕೆ ಸೇರಿಸಿದವಳು ನಾನೇ. ಎರಡೇ ವರ್ಷಕ್ಕೆ ಅವಳಿಗೆ ಬೀದಿ ದೀಪಗಳ ಸುತ್ತ ಬೆಳಕಿನ ಬಳೆ ಕಾಣತೊಡಗಿತು. ಒಂದು ಸಂಜೆ ಬಸ್ಸಿನ ಮೆಟ್ಟಿಲು ಅಂದಾಜಾಗದೆ ಬಿದ್ದು ಮೊಣಕಾಲು ಒಡೆದುಕೊಂಡಳು. ಗಂಟೆಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಲು ಬಿಡಿ ಎಂದು ಅರ್ಜಿ ಬರೆದು ಎಲ್ಲರ ಸಹಿ ಹಾಕಿಸಿದೆ. ಅವಳ ಕಣ್ಣು ಉಳಿಯಲಿ ಎಂದೇ ಬರೆದದ್ದು. ನನ್ನ ಕಣ್ಣಿಗೆ ಏನೂ ಆಗಿಲ್ಲ ಎಂಬ ಜಂಬ ನನಗೆ.

ಅರ್ಜಿ ನೋಡಿ ಕಂಪನಿಯವರು ಹೊರಗಿನಿಂದ ಒಬ್ಬ ಡಾಕ್ಟರಮ್ಮನನ್ನು ಕರೆಸಿದರು. ಒಳ್ಳೆಯ ಹೆಂಗಸು. ಮೂರು ದಿನ ನಮ್ಮ ಜೊತೆ ಕೂತು, ದೀಪದ ಬೆಳಕು ಅಳೆದು, ಪ್ರತಿಯೊಬ್ಬರನ್ನೂ ವಿಚಾರಿಸಿದರು.

"ನೀವು ಹೇಳೋದನ್ನ ನಾನು ನಂಬ್ತೀನಿ ಕಣಮ್ಮ," ಎಂದರು ನನಗೆ. "ಆದ್ರೆ ಕಾಗದದಲ್ಲಿ ಆಧಾರ ಬೇಕು. ಗಂಟೆ ಕಳೆದ ಹಾಗೆ ಕೆಟ್ಟ ಬಾಟಲಿ ತಪ್ಪಿ ಹೋಗ್ತಿದೆ ಅಂತ ಗೊತ್ತಾದ್ರೆ ಸಾಕು, ವಿಶ್ರಾಂತಿ ಕೊಡ್ಲೇಬೇಕು ಅಂತ ಬರೀತೀನಿ."

ಅದನ್ನು ತಿಳಿಯಲು ಇದ್ದದ್ದು ಪರೀಕ್ಷೆ ಬಾಟಲಿಗಳು. ಬೇಕೆಂದೇ ಎಳೆ ಹಾಕಿ ಮುಚ್ಚಿದ ಇಪ್ಪತ್ತು ಬಾಟಲಿಗಳನ್ನು ಮೇಲ್ವಿಚಾರಕ ನಮಗೆ ಗೊತ್ತಾಗದಂತೆ ಟ್ರೇಗಳಲ್ಲಿ ಸೇರಿಸುತ್ತಾನೆ. ಹಿಡಿದರೆ ಕಣ್ಣು ಚೆನ್ನಾಗಿದೆ ಎಂದರ್ಥ. ಮೂರು ಸಲ ತಪ್ಪಿದರೆ ಮನೆಗೆ.

ಗೊತ್ತಾಗದಂತೆ ಅಂದೆನಲ್ಲ, ಅಲ್ಲೇ ಇದೆ ಹೇಸಿಗೆ. ಮೂರು ವರ್ಷದಿಂದ ಅವೇ ಇಪ್ಪತ್ತು ಬಾಟಲಿ ಸುತ್ತುತ್ತಿದ್ದವು. ಕೈಯಿಂದ ಕೈಗೆ ಹೋಗಿ ಮುಚ್ಚಳದ ತಗಡಿನ ಅಂಚು ಸವೆದು ನುಣ್ಣಗಾಗಿತ್ತು. ಹೊಸ ಮುಚ್ಚಳದ ಅಂಚು ಕೈಗವಸಿನೊಳಗಿನ ಬೆರಳಿಗೂ ಚುಚ್ಚುತ್ತದೆ. ಹಾಗಾಗಿ ಪರೀಕ್ಷೆ ಬಾಟಲಿ ಹಿಡಿಯಲು ಕಣ್ಣೇ ಬೇಡ, ಹೆಬ್ಬೆರಳು ಸಾಕು. ಹೊಸಬರು ಸೇರಿದ ದಿನವೇ ಹಳಬರು ಕಿವಿಯಲ್ಲಿ ಹೇಳುವ ಗುಟ್ಟು ಅದು. ನಾದಿನಿಗೆ ಹೇಳಿಕೊಟ್ಟವಳು ನಾನು.

ಡಾಕ್ಟರಮ್ಮ ಪರೀಕ್ಷೆಯ ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಏನಿರುತ್ತದೆ? ಮೊದಲ ಗಂಟೆಯಲ್ಲೂ ನೂರಕ್ಕೆ ನೂರು, ಎಂಟನೆಯದರಲ್ಲೂ ನೂರಕ್ಕೆ ನೂರು. ಮ್ಯಾನೇಜರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ. ಮಾತೆತ್ತಿದರೆ ಚಪ್ಪಾಳೆ ಹೊಡೆಸುವ ಆಸಾಮಿ, ನಾವು ಅವನಿಗಿಟ್ಟ ಹೆಸರೂ ಚಪ್ಪಾಳೆ ಎಂದೇ.

"ಹದ್ದಿನ ಕಣ್ಣು ಡಾಕ್ಟ್ರೇ ನಮ್ಮವರದ್ದು! ಇವರಿಗೆಲ್ಲಿಯ ಸುಸ್ತು? ಹೊಡೀರಿ ಚಪ್ಪಾಳೆ!"

ಹೊಡೆದೆವು. ನಾನೂ ಹೊಡೆದೆ. ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಹನಿಮದ್ದಿನ ಪೆಟ್ಟಿಗೆ ಹಂಚಿದ. "ಕಣ್ಣು ಉರಿದ್ರೆ ಎರಡು ಹನಿ ಬಿಟ್ಕೊಳ್ಳಿ. ನಮ್ಮದೇ ಮಾಲು!" ಎಂದು ಹಲ್ಲು ಕಿರಿದ.

ಮರುದಿನ ರಜೆ. ಬೆಳಿಗ್ಗೆ ನಾದಿನಿ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ತಲೆ ಹಿಂದಕ್ಕೆ ಚೆಲ್ಲಿದಳು. "ಅತ್ತಿಗೆ, ನೀವೇ ಬಿಡಿ. ನಾನು ಬಿಟ್ಕೊಂಡ್ರೆ ಕೆನ್ನೆ ಮೇಲೆ ಬೀಳುತ್ತೆ."

ನನ್ನ ಪೆಟ್ಟಿಗೆಯ ಬಾಟಲಿ ತೆಗೆದು, ಅಭ್ಯಾಸಬಲದಿಂದ ಬೆಳಕಿಗೆ ಹಿಡಿದು ತಿರುಗಿಸಿದೆ. ಮನೆಯಲ್ಲಿ ನೀರಿನ ಲೋಟವನ್ನೂ ಹಾಗೆ ತಿರುಗಿಸಿಯೇ ಕೊಡುವವಳು ನಾನು. "ನನ್ನನ್ನೂ ಒಂದ್ಸಲ ತಿರುಗಿಸಿ ನೋಡ್ಬಿಡು, ಪಾಸೋ ಫೇಲೋ," ಎಂದು ಗಂಡ ರೇಗಿಸುವುದುಂಟು. ಅವತ್ತೂ ಅದನ್ನೇ ಹೇಳಿ ನಕ್ಕ.

ನಾನು ನಗಲಿಲ್ಲ. ಬಾಟಲಿಯೊಳಗೆ ರೆಪ್ಪೆಯಷ್ಟು ಉದ್ದದ ಎಳೆಯೊಂದು ಸುರುಳಿ ಬಿಚ್ಚಿಕೊಂಡು ಮೇಲೇಳುತ್ತಿತ್ತು.

"ಯಾವಳೇ ಇದನ್ನ ಬಿಟ್ಟಿದ್ದು? ಕಣ್ಣು ಮನೇಲಿಟ್ಟು ಬಂದಿದ್ಲಾ?" ಎಂದು ಬೈಯುತ್ತಲೇ ಪೆಟ್ಟಿಗೆಯ ತಳ ನೋಡಿದೆ. ಯಾರು ತಪಾಸಣೆ ಮಾಡಿದರೋ ಅವರ ಸೀಟಿನ ಸಂಖ್ಯೆ ಅಲ್ಲಿ ಒತ್ತಿರುತ್ತದೆ. ಏಳು.

ನಾದಿನಿ ಎದ್ದು ಬಂದು ಇಣುಕಿದಳು. "ಎಸೆದ್ಬಿಡಿ ಅತ್ತಿಗೆ," ಎಂದಳು. "ಯಾರಿಗೆ ಗೊತ್ತಾಗುತ್ತೆ?"

ನನ್ನ ಮನಸ್ಸಿನಲ್ಲೂ ಅದೇ ಮಾತು ಬಂದಿತ್ತು. ಅದಕ್ಕೇ ನನ್ನ ಮೇಲೆ ನನಗೆ ಅಷ್ಟು ಅಸಹ್ಯವಾದದ್ದು. ಇದು ತಿರುಗಿ ನಮ್ಮ ಮನೆಗೇ ಬಂತು, ಸರಿ. ಮೂರು ವರ್ಷದಲ್ಲಿ ಹೊರಗೆ ಹೋದವು ಯಾರ ಯಾರ ಕಣ್ಣಿಗೆ ಬಿದ್ದವೋ! ಕಂಪನಿಯ ಕಣ್ಣಿಗೆ ಮಣ್ಣೆರಚಿದೆವೆಂದು ಒಳಗೊಳಗೇ ಬೀಗುತ್ತಿದ್ದೆವು.

ಮರುದಿನ ಬಾಟಲಿ ಹಿಡಿದು, ಇನ್ನೂ ವರದಿ ಬರೆಯುತ್ತ ಕೂತಿದ್ದ ಡಾಕ್ಟರಮ್ಮನ ಕೋಣೆಗೆ ಹೊರಟೆ. ಚಪ್ಪಾಳೆ ವರಾಂಡದಲ್ಲಿ ಅಡ್ಡ ಬಂದು ವಿಷಯ ಕೇಳಿದ. ಸವೆದ ಮುಚ್ಚಳದ ಕಥೆ ಹೇಳಿದೆ. ಅವನು ಬೆಚ್ಚಿಬೀಳಲಿಲ್ಲ.

"ಅದು ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ?" ಎಂದ, ಮೆಲ್ಲಗೆ, ನಗುತ್ತಲೇ. "ಹೊಸ ಬಾಟಲಿ ಯಾಕೆ ಮಾಡಿಸಲಿಲ್ಲ ಹೇಳಿ? ನಿಮಗೂ ನೂರು, ನನಗೂ ನೂರು. ಸುಮ್ನೆ ಹೋಗಿ ಕೂತ್ಕೊಳ್ಳಿ."

ಅವನ ಬಾಯಿಂದ ಏಲಕ್ಕಿಯ ವಾಸನೆ ಬರುತ್ತಿತ್ತು. ಪಕ್ಕಕ್ಕೆ ಸರಿದು ಒಳಗೆ ಹೋಗಿ, ಬಾಟಲಿಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಎಳೆ ಹಾಕಿದ ಇಪ್ಪತ್ತು ಬಾಟಲಿಗಳನ್ನು ಹೊಸ ಮುಚ್ಚಳ ಹಾಕಿಸಿ ತಮ್ಮ ಮುಂದೆಯೇ ಸಿದ್ಧ ಮಾಡಿಸಿದರು. ಎರಡು ದಿನ ಬಿಟ್ಟು, ಮೊದಲ ಗಂಟೆಯಲ್ಲೊಮ್ಮೆ, ನಾಲ್ಕನೇ ಗಂಟೆಯಲ್ಲೊಮ್ಮೆ, ಪ್ರತಿ ಸೀಟಿನಲ್ಲೂ ಆ ಇಪ್ಪತ್ತೂ ಹಾದುಹೋಗುವಂತೆ ಸೇರಿಸಿದರು. ಹೆಬ್ಬೆರಳು ಹುಡುಕಿಯೇ ಹುಡುಕಿತು, ಏನೂ ಸಿಗಲಿಲ್ಲ.

ಮೊದಲ ಗಂಟೆಯಲ್ಲಿ ಹೆಚ್ಚಿನವರು ಹದಿನೇಳು ಹದಿನೆಂಟು ಹಿಡಿದರು. ನಾಲ್ಕನೆಯದರಲ್ಲಿ ನಾದಿನಿ ಇಪ್ಪತ್ತರಲ್ಲಿ ಹನ್ನೊಂದು ಹಿಡಿದಳು. ಹೆಚ್ಚಿನವರು ಹತ್ತರ ಆಸುಪಾಸು. ಎಲ್ಲರಿಗಿಂತ ಕಡಿಮೆ ಏಳನೇ ಸೀಟಿನದು. ನಾಲ್ಕು.

ಮೂವತ್ತೂ ಮಂದಿ ತಪ್ಪಿದ್ದರಿಂದ ಯಾರನ್ನೂ ಮನೆಗೆ ಕಳಿಸುವಂತಿರಲಿಲ್ಲ. ಗಂಟೆಗೆ ಹತ್ತು ನಿಮಿಷ ವಿಶ್ರಾಂತಿ ಸಿಕ್ಕಿತು. ಮೊದಲ ದಿನ ಚಪ್ಪಾಳೆ ತನ್ನದೇ ಯೋಜನೆ ಎನ್ನುವಂತೆ ಭಾಷಣ ಬಿಗಿದು, ಎಲ್ಲರ ಕೈಯಲ್ಲೂ ಚಪ್ಪಾಳೆ ಹೊಡೆಸಿದ. ಹೊರಗೆ ಹೋದ ಮಾಲನ್ನು ವಾಪಸು ತರಿಸುತ್ತೀರಾ ಎಂದು ನಾನು ಎಲ್ಲರೆದುರೇ ಕೇಳಿದೆ. "ಅದು ಬೇರೆ ವಿಭಾಗ ನೋಡ್ಕೊಳ್ಳುತ್ತಮ್ಮ," ಎಂದ. ಎಲ್ಲರೂ ತಮ್ಮ ತಮ್ಮ ಸೀಟಿಗೆ ಹೊರಟರು. ಇಬ್ಬರಂತೂ ನನ್ನ ಜೊತೆ ಮಾತೇ ಬಿಟ್ಟಿದ್ದರು, ಹೊಟ್ಟೆಪಾಡಿಗೆ ಕಲ್ಲು ಹಾಕಿದೆನಂತೆ. ನನ್ನನ್ನು ರಟ್ಟಿನ ಡಬ್ಬ ಮಡಚುವ ಕಡೆಗೆ ಹಾಕಿದರು. ಅಲ್ಲಿ ನೋಡಬೇಕಾದ್ದು ಏನೂ ಇಲ್ಲ.

ನಾದಿನಿಗೆ ದೀಪದ ಸುತ್ತಲಿನ ಬಳೆ ಸ್ವಲ್ಪ ಸಣ್ಣದಾಗಿದೆಯಂತೆ. ನಿನ್ನೆ ಸಂಜೆ ಬಂದು ಚಪ್ಪಲಿ ಬಿಡುತ್ತಲೇ, "ಅತ್ತಿಗೆ, ನೀರು," ಎಂದಳು. ಲೋಟ ತುಂಬಿ ಬೆಳಕಿಗೆ ಹಿಡಿದು ತಿರುಗಿಸಿದೆ. ನೀರು ಥಳಥಳ ಹೊಳೆಯಿತು, ಒಳಗೆ ಏನೂ ಕಾಣಲಿಲ್ಲ.

ಲೋಟವನ್ನು ಅವಳ ಕೈಗೆ ಕೊಟ್ಟು, "ನೀನೂ ಒಂದ್ಸಲ ನೋಡ್ಕೊಂಡು ಕುಡಿಯೇ," ಎಂದೆ.